ಪಟೇಲರ ಮನೆ ಮುಂದಿನ ದಾರಿ

ಸೈಕಲ್ ಹತ್ತಿದವನು ಎಲ್ಲಿ ಇಳಿಯಬೇಕು ಎಂಬುದನ್ನು ಅವನ ಕಾಲು ಹೇಳಬೇಕು, ಇಲ್ಲವೇ ದಾರಿ ಹೇಳಬೇಕು. ಇನ್ನೊಬ್ಬರ ಮನೆಯ ಜಗಲಿ ಹೇಳಬಾರದು. ಈ ಮಾತನ್ನು ನಾನು ಮೀಸೆ ಚಿಗುರುವ ವಯಸ್ಸಿನಲ್ಲೂ ಹೇಳುತ್ತಿದ್ದೆ, ಹಲ್ಲೆಲ್ಲ ಉದುರಿದ ಈಗಲೂ ಹೇಳುತ್ತೇನೆ. ಕೇಳುವವರು ಕೇಳಲಿ, ಬಿಡುವವರು ಬಿಡಲಿ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಸಂಗತಿ. ಸಾಗರದ ಪೇಟೆಯ ಒಂದು ಸೈಕಲ್ ಅಂಗಡಿಯಲ್ಲಿ ನಾನು ರಿಪೇರಿ ಕೆಲಸಕ್ಕಿದ್ದೆ. ಅಲ್ಲಿ ಮೂಲೆಗೆ ಬಿದ್ದಿದ್ದ ಸಾಮಾನುಗಳನ್ನೇ ಜೋಡಿಸಿ ನನಗೊಂದು ಸೈಕಲ್ ಮಾಡಿಕೊಂಡಿದ್ದೆ. ಫ್ರೇಮು ಒಂದರದು, ಹ್ಯಾಂಡಲ್ ಇನ್ನೊಂದರದು, ಚಕ್ರಗಳು ಯಾವುದಾವುದರವೋ. ಬ್ರೇಕು ಇತ್ತು ಅಂದರೆ ಇತ್ತು, ಇಲ್ಲ ಅಂದರೆ ಇಲ್ಲ. ಚೈನು ಸ್ವಲ್ಪ ಸಡಿಲ. ದಿನವಿಡೀ ಊರವರ ಚೈನು ಬಿಗಿ ಮಾಡುವವನಿಗೆ ತನ್ನದನ್ನು ಬಿಗಿ ಮಾಡಲು ಪುರುಸೊತ್ತೆಲ್ಲಿ! ಬೆಲ್ಲು ಮಾತ್ರ ಹೊಚ್ಚ ಹೊಸದು.

ಅಂಗಡಿಗೆ ರಜೆ ಇದ್ದ ದಿನ ನಾನು ಊರಲ್ಲಿ ನಿಲ್ಲುತ್ತಿರಲಿಲ್ಲ. ಒಂದು ವಾರ ಇಕ್ಕೇರಿಗೆ ಹೋಗಿ ಬಸವನ ಮಂಟಪದ ತಂಪಿನಲ್ಲಿ ಬುತ್ತಿ ಬಿಚ್ಚುತ್ತಿದ್ದೆ. ಇನ್ನೊಂದು ವಾರ ಕೆಳದಿ. ಅಲ್ಲಿಂದ ಮುಂದೆ ಗದ್ದೆಬಯಲಿನ ನಡುವೆ ಗಾಡಿದಾರಿ ಎಲ್ಲಿಗೆ ಒಯ್ದರೆ ಅಲ್ಲಿಗೆ. ಕೆಲಸವಿಲ್ಲದೆ ಸೈಕಲ್ ಹೊಡೆಯುವವನನ್ನು ಆ ಕಡೆಯ ಜನ ಕಂಡಿರಲಿಲ್ಲ. ಸೈಕಲ್ ಬಂತೆಂದರೆ ಒಂದೋ ಕಚೇರಿಯ ಜವಾನ, ಇಲ್ಲವೇ ಸಾವಿನ ಸುದ್ದಿ.

"ಯಾರು ತೀರ್ಕೊಂಡ್ರು ಮಾರಾಯ?" ಎಂದು ಗದ್ದೆಯಿಂದಲೇ ಕೂಗುತ್ತಿದ್ದರು.

"ಯಾರೂ ಇಲ್ಲ. ಸುಮ್ನೆ ಬಂದೆ."

"ಸುಮ್ನೆ ಬರೋಕೆ ಎಂತ, ತಲೆ ಸಮ ಇಲ್ವಾ ನಿಂಗೆ?"

ತಲೆ ಸಮ ಇತ್ತು. ಕೊಯ್ಲು ಮುಗಿದ ಬಯಲಿನಲ್ಲಿ ಗಾಳಿಗೆ ಎದೆಯೊಡ್ಡಿ ಸೈಕಲ್ ಹೊಡೆಯುವಾಗ ನನಗೆ ಯಾರ ಹಂಗೂ ಇರಲಿಲ್ಲ. ಅಷ್ಟು ಸುಖ ಇನ್ನಾವುದರಲ್ಲೂ ನಾನು ಕಂಡಿಲ್ಲ.

ಕೆಳದಿ ದಾಟಿದ ಮೇಲೆ ಒಂದು ಹಳ್ಳಿ. ಹೆಸರು ಬೇಡ, ಈಗ ಅಲ್ಲಿ ಒಳ್ಳೆಯವರಿದ್ದಾರೆ. ಊರ ನಡುವೆ ದಾರಿಗೆ ತಾಗಿದಂತೆ ಪಟೇಲರ ಮನೆ. ಮನೆಯ ಈಚೆಗೊಂದು ಹಲಸಿನ ಮರ, ಆಚೆಗೊಂದು ಬಾವಿ. ಮರದಿಂದ ಬಾವಿಯವರೆಗೆ ನಮ್ಮಂಥವರು ಚಪ್ಪಲಿ ಕೈಯಲ್ಲಿ ಹಿಡಿದು, ಕೊಡೆ ಮಡಚಿ, ತಲೆ ತಗ್ಗಿಸಿ ನಡೆಯಬೇಕು. ಗಾಡಿಯಲ್ಲಿದ್ದವರು ಗಾಡಿ ಇಳಿಯಬೇಕು. ಸೈಕಲ್ ಬಂದ ಮೇಲೆ ಅದಕ್ಕೂ ಅದೇ ಕಾನೂನು ಅಂಟಿಕೊಂಡಿತು. ಬರೆದವರಿಲ್ಲ, ಓದಿದವರಿಲ್ಲ, ಮೀರಿದವರೂ ಇಲ್ಲ.

ನಾನಂತೂ ಅಲ್ಲಿ ಇಳಿಯುತ್ತಿರಲಿಲ್ಲ. ಹಲಸಿನ ಮರ ದೂರ ಇರುವಾಗಲೇ ಸೈಕಲ್ಲನ್ನು ಹೆಗಲಿಗೇರಿಸಿ, ಗದ್ದೆಯ ಅಂಚು ಹಿಡಿದು, ಮೊಣಕಾಲುದ್ದ ಕೆಸರಿನ ಹಳ್ಳ ದಾಟಿ, ಬಾವಿಯ ಆಚೆ ಹೋಗಿ ದಾರಿ ಸೇರುತ್ತಿದ್ದೆ. ಇದನ್ನು ಮನೆಯಲ್ಲಿ ಜಂಬದಿಂದ ಹೇಳಿದಾಗ ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

"ಅಯ್ಯೋ ಮಂಗಾ! ಸೈಕಲ್ ಮೇಲೆ ನೀನು ಹೋಗ್ತೀಯೋ, ನಿನ್ನ ಮೇಲೆ ಸೈಕಲ್ ಹೋಗ್ತದೋ?"

ನಕ್ಕಳು ಸರಿ, ಆದರೆ ಅವಳದೂ ಅದೇ ಕತೆ. ಅವಳ ತವರು ಆ ಹಳ್ಳಿಯಿಂದ ಆಚೆ. ನೆಟ್ಟಗಿನ ದಾರಿ ಅದೊಂದೇ. ನನಗೆ ಬುದ್ಧಿ ಬಂದಾಗಿನಿಂದ ಅವ್ವ ಆ ದಾರಿಯಲ್ಲಿ ತವರಿಗೆ ಹೋದದ್ದನ್ನು ನಾನು ಕಂಡಿರಲಿಲ್ಲ. ಕಾಡಂಚಿನ ಸುತ್ತುದಾರಿಯಲ್ಲಿ ಬೆಳಿಗ್ಗೆ ಹೊರಟು ಹೊತ್ತು ಮುಳುಗುವಾಗ ಮುಟ್ಟುತ್ತಿದ್ದಳು. ಯಾಕೆಂದು ಕೇಳಿದರೆ, "ಅಲ್ಲಿ ನೆರಳು ಚೆನ್ನಾಗದೆ" ಅನ್ನುತ್ತಿದ್ದಳು. ಆಮೇಲೆ ಅವಳಿಗೆ ಮೊಣಕಾಲು ನೋವು ಹಿಡಿಯಿತು. ಅಂಗಳ ದಾಟಲು ಗೋಡೆ ಹಿಡಿಯುವವಳು ಸುತ್ತುದಾರಿಯಲ್ಲಿ ಎಲ್ಲಿ ನಡೆದಾಳು? ತವರಿನ ಆಸೆಯನ್ನೇ ಬಿಟ್ಟಿದ್ದಳು.

ಹಾಗಿರುವಾಗ ಸುದ್ದಿ ಬಂತು. ಅಜ್ಜಿ ಹಾಸಿಗೆ ಹಿಡಿದಿದ್ದಾಳೆ, ಮಗಳ ಮುಖ ನೋಡಬೇಕು ಅನ್ನುತ್ತಿದ್ದಾಳೆ, ತಡಮಾಡಬೇಡಿ ಎಂದು.

"ಸೈಕಲ್ ಮೇಲೆ ಕೂರ್ತೀಯಾ ಅವ್ವ?" ಎಂದೆ.

"ಕೂರ್ತೀನಿ. ಬೀಳಿಸ್ಬೇಡ ಅಷ್ಟೇ."

ಕ್ಯಾರಿಯರ್ ಮೇಲೆ ಗೋಣಿತಾಟು ಮಡಚಿ ಹಾಸಿ, ಅವಳನ್ನು ಒಂದು ಬದಿಗೆ ಕಾಲು ಬಿಟ್ಟು ಕೂರಿಸಿದೆ. ಒಂದು ಕೈಯಲ್ಲಿ ನನ್ನ ಸೊಂಟ ಹಿಡಿದಳು. ಇನ್ನೊಂದು ಕೈಯಲ್ಲಿ ಮನೆಯ ದೊಡ್ಡ ಕರಿ ಕೊಡೆ. ಮಳೆಗಾಲ ಮುಗಿದು ಎಷ್ಟೋ ಕಾಲವಾಗಿತ್ತು, ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ.

"ಕೊಡೆ ಎಂತಕ್ಕೆ?"

"ಇರ್ಲಿ" ಅಂದಳು.

ಕೆಳದಿಯವರೆಗೆ ಅವ್ವ ಚಿಕ್ಕ ಹುಡುಗಿಯ ಹಾಗೆ ಮಾತಾಡಿದಳು. ಅಲ್ಲಿ ಕೊಕ್ಕರೆ ನೋಡು, ಇಲ್ಲಿ ಹುಲ್ಲುಬಣವೆ ನೋಡು, ಬೆಲ್ಲು ಹೊಡಿ, ಇನ್ನೊಂದ್ಸಲ ಹೊಡಿ. ಹಲಸಿನ ಮರ ಕಂಡದ್ದೇ ಮಾತು ನಿಂತಿತು. ನಾನೂ ಒಂದು ಕಾಲು ನೆಲಕ್ಕೂರಿ ಸೈಕಲ್ ನಿಲ್ಲಿಸಿದೆ. ಅವ್ವನನ್ನು ಹೊತ್ತುಕೊಂಡು ಹಳ್ಳ ಇಳಿಯುವ ಹಾಗಿಲ್ಲ. ಅವಳಿಗೆ ನಡೆಯಲು ಆಗುವುದಿಲ್ಲ. ಇಳಿಯದೆ ಹೋಗಿ, ಅವರು ಅಡ್ಡಗಟ್ಟಿ ವಾಪಸು ಕಳಿಸಿದರೆ ಅಜ್ಜಿಯ ಮುಖ ಕಾಣುವುದಿಲ್ಲ.

"ಒಂದ್ಸಲ ಇಳಿದು ತಳ್ಳಿಬಿಡ್ತೀನಿ ಅವ್ವ, ನಿನ್ನ ಸಲುವಾಗಿ" ಎಂದೆ. ಹೇಳುವಾಗ ನಾಲಗೆ ಕಹಿಯಾಯಿತು.

ಅವ್ವ ಬೆನ್ನ ಹಿಂದಿನಿಂದಲೇ ಹೇಳಿದಳು. "ನೀನು ಆಗ ಎದೆಹಾಲು ಕುಡಿಯೋ ಕೂಸು. ಆಷಾಢದ ಮಳೆ, ಕಣ್ಣು ಬಿಡೋಕಾಗಲ್ಲ. ತವರಿಗೆ ಹೊರಟಿದ್ದೆ. ಇದೇ ಮರದ ಹತ್ರ ಅವರ ಆಳು ಕೂಗಿದ, ಕೊಡೆ ಮಡ್ಚೇ ಅಂತ. ಕೂಸದೆ ಅಂದೆ. ಪಟೇಲ್ರು ಜಗಲಿ ಮೇಲೆ ಕೂತಿದ್ರು, ಮಾತಾಡ್ಲಿಲ್ಲ. ಮಡಚ್ದೆ. ಬಾವಿ ಮುಟ್ಟೋ ಹೊತ್ತಿಗೆ ನೀನು ತೊಪ್ಪೆಯಾಗಿದ್ದೆ, ಅಳೋಕೂ ಉಸಿರಿರ್ಲಿಲ್ಲ. ತವರು ಮುಟ್ಟಿದ್ಮೇಲೆ ಜ್ವರ ಬಂದು ನೀನು ಉಳೀತೀಯ ಅಂತ ಅಲ್ಲಿ ಯಾರೂ ಅಂದಿರ್ಲಿಲ್ಲ."

ಇನ್ನೊಂದು ಕಾಲಿನ ಪೆಡಲನ್ನು ಮೇಲಕ್ಕೆ ತಂದುಕೊಂಡೆ.

"ತುಳಿ" ಅಂದಳು ಅವ್ವ. ಹಿಂದೆ ಫಟ್ಟೆಂದು ಕೊಡೆ ಬಿಚ್ಚಿದ ಸದ್ದಾಯಿತು.

ತುಳಿದೆ. ಹಲಸಿನ ಮರ ದಾಟಿತು. ಬಾವಿಯ ಬಳಿ ನೀರು ಸೇದುತ್ತಿದ್ದ ಹೆಂಗಸರು ಹಗ್ಗ ಹಿಡಿದವರು ಹಾಗೇ ನಿಂತರು. "ಏಯ್, ಇಳಿಯಾ! ಇಳಿಯಾ!" ಎಂದು ಪಟೇಲರ ಆಳು ಕೂಗಿದ. ನಾನು ಬೆಲ್ಲು ಹೊಡೆದೆ. ಎದುರು ಗಾಳಿ ಕೊಡೆಗೆ ಸಿಕ್ಕಿ ಸೈಕಲ್ಲನ್ನು ಹಿಂದಕ್ಕೆ ಜಗ್ಗುತ್ತಿತ್ತು. ಎದ್ದು ನಿಂತು, ಇದ್ದಬದ್ದ ಬಲವನ್ನೆಲ್ಲ ಹಾಕಿ ಒಂದು ತುಳಿತ ತುಳಿದೆ ನೋಡಿ, ಖಟಕ್ಕೆಂದು ಚೈನು ಕಳಚಿತು!

ಕಳಚಲು ಜಾಗ ಬೇರೆ ಸಿಗಲಿಲ್ಲವೇ ಅದಕ್ಕೆ, ಹಾಳಾದ್ದು! ಸರಿಯಾಗಿ ಪಟೇಲರ ಮನೆಯ ಬಾಗಿಲಿಗೆದುರು. ಪೆಡಲು ಸುಮ್ಮನೆ ತಿರುಗಿತು. ಸೈಕಲ್ ವಾಲುತ್ತಿದ್ದಂತೆ ಅವರ ಗೇಟಿನ ಕಲ್ಲುಕಂಬ ಕೈಗೆ ಸಿಕ್ಕಿತು. ಅವ್ವ ಕೂತಿದ್ದ ಹಾಗೆಯೇ ಸೈಕಲ್ಲನ್ನು ಅದಕ್ಕೆ ಒರಗಿಸಿ ಇಳಿದೆ. ಇಳಿಯದೆ ಗತಿಯಿರಲಿಲ್ಲ.

ಪಟೇಲರು ಜಗಲಿಯ ಮೇಲೆ ಎಲೆಯಡಿಕೆಯ ಕವಳ ಹಾಕುತ್ತ ಕೂತಿದ್ದರು. ತಲೆ ನರೆತಿತ್ತು, ಗತ್ತು ನರೆತಿರಲಿಲ್ಲ. ನನ್ನ ಕಾಲು ನೋಡಿ ನಕ್ಕರು.

"ಅಂತೂ ಇಳಿದ್ಯಲ್ಲ!"

ನಾನು ಬಾಯಿ ತೆರೆಯುವುದರೊಳಗೆ ಅವ್ವ ಹೇಳಿದಳು. "ಅವ ಚೈನಿಗೆ ಇಳಿದದ್ದು ಪಟೇಲ್ರೆ. ನಿಮ್ಗಲ್ಲ."

ಬಾವಿಯ ಕಡೆಯಿಂದ ಯಾರೋ ಕಿಸಕ್ಕೆಂದರು. ಪಟೇಲರ ನಗು ಅಲ್ಲಿಗೇ ನಿಂತಿತು.

"ಕೊಡೆ ಮಡ್ಚೇ" ಎಂದು ಆಳು ಮೆಟ್ಟಿಲಿಳಿದು ಬಂದ.

"ಮಡಚಲ್ಲ. ಇಲ್ಲಿ ಒಂದ್ಸಲ ಮಡಚೀನಿ, ಸಾಕು."

"ಯಾವಾಗ?" ಎಂದರು ಪಟೇಲರು. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದರು.

"ನಿಮ್ಗೆ ನೆನಪಿರಲ್ಲ ಬಿಡಿ" ಅಂದಳು ಅವ್ವ. "ಕೊಡೆ ನಂದು, ನೆಂದ ಕೂಸು ನಂದು. ನೆನಪೂ ನಂದೇ."

ಆಳು ಪಟೇಲರ ಮುಖ ನೋಡಿದ. ಪಟೇಲರು ಬಾವಿಯ ಬಳಿಯ ಹೆಂಗಸರನ್ನು ನೋಡಿದರು. ಅಷ್ಟು ಜನರೆದುರು, ಕಾಲು ಬಾರದ ಹೆಂಗಸನ್ನು ಕೈ ಹಿಡಿದು ಎಳೆಸುವುದಕ್ಕೆ ಅವರಿಗೂ ಮನಸ್ಸು ಬರಲಿಲ್ಲವೋ, ಧೈರ್ಯ ಬರಲಿಲ್ಲವೋ, ನಾನು ಕೇಳಲು ಹೋಗಲಿಲ್ಲ. ಚೈನು ಹಾಕುವುದು ನನಗೆ ಚಿಟಿಕೆ ಹೊಡೆಯುವಷ್ಟು ಹೊತ್ತಿನ ಕೆಲಸ. ಅವತ್ತು ಒಂದೊಂದೇ ಹಲ್ಲಿಗೆ ಕೂರಿಸುತ್ತ, ಪೆಡಲು ತಿರುಗಿಸಿ ನೋಡುತ್ತ, ಮತ್ತೆ ಬಿಚ್ಚಿ ಮತ್ತೆ ಹಾಕುತ್ತ ನಿಧಾನವಾಗಿ ಮಾಡಿದೆ. ಅಷ್ಟು ಹೊತ್ತೂ ಅವ್ವ ಅವರ ಕಂಬಕ್ಕೊರಗಿ, ನೆಲಕ್ಕೆ ಕಾಲು ತಾಗಿಸದೆ, ಕೊಡೆ ಹಿಡಿದು ಕೂತಿದ್ದಳು.

"ವಾಪಸ್ ಇದೇ ದಾರೀಲಿ ಬರ್ಬೇಕಲ್ಲ ನೀವು" ಎಂದರು ಪಟೇಲರು.

"ಇದೇ ದಾರೀಲೇ ಬರ್ತೀವಿ" ಎಂದು ಕೈಯ ಎಣ್ಣೆಮಸಿಯನ್ನು ಪಂಚೆಗೆ ಒರೆಸಿಕೊಂಡು, ಅಲ್ಲಿಂದಲೇ ಸೈಕಲ್ ಹತ್ತಿದೆ.

ಬಂದೆವು ಕೂಡ. ಆವಾಗ ಜಗಲಿ ಖಾಲಿಯಿತ್ತು. ಇದ್ದಿದ್ದರೂ ಇಳಿಯುತ್ತಿರಲಿಲ್ಲ ಬಿಡಿ, ಚೈನನ್ನು ತವರುಮನೆಯಲ್ಲೇ ಬಿಗಿ ಮಾಡಿದ್ದೆ.

ಅವತ್ತು ಹೋಗುವಾಗ ಬಾವಿ ದಾಟಿ, ಊರು ದಾಟಿ, ಬಯಲಿಗೆ ಬಿದ್ದ ಮೇಲೆ ಅವ್ವ ತಾನಾಗಿಯೇ ಕೊಡೆ ಮಡಚಿದಳು. ನನ್ನ ಬೆನ್ನಿಗೆ ಹಣೆ ಒತ್ತಿ ಅತ್ತಳು. ನಾನು ಕೇಳಿಸದವನ ಹಾಗೆ ತುಳಿಯುತ್ತಲೇ ಇದ್ದೆ.

ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಗಳ ಧ್ವನಿ ಕೇಳಿ ತಿರುಗಿದಳು. ಹೇಗಿದ್ದೀಯ ಅನ್ನಲಿಲ್ಲ, ಊಟ ಆಯ್ತಾ ಅನ್ನಲಿಲ್ಲ.

"ಇಷ್ಟು ಬೇಗ ಯಾವ ದಾರೀಲಿ ಬಂದ್ಯೇ?"

"ನೆಟ್ ದಾರೀಲಿ."

ಅಜ್ಜಿ ಮಗಳ ಕೈಯಲ್ಲಿದ್ದುದನ್ನು ನೋಡಿದಳು. "ಕೊಡೆ?"

"ಬಿಚ್ಚೇ ಇತ್ತವ್ವ."

ಅಜ್ಜಿ ಮೊಣಕೈ ಊರಿ ಏಳಲು ನೋಡಿದಳು. ನಾನು ಹಿಡಿದು ಕೂರಿಸಿದೆ. "ಎಲ್ಲಿ, ಬಿಚ್ಚು ನೋಡಣ" ಅಂದಳು.

ಆ ಕತ್ತಲೆ ಕೋಣೆಯಲ್ಲಿ, ಹಾಸಿಗೆಯ ಪಕ್ಕದಲ್ಲಿ, ಅವ್ವ ಕೊಡೆ ಬಿಚ್ಚಿ ತನ್ನ ಅವ್ವನ ತಲೆಯ ಮೇಲೆ ಹಿಡಿದಳು.