ಅಡ್ಡಹೆಸರಿಲ್ಲದ ಬಿದೆಗಾಯಿನ್

ಲಾ ಪೊರ್ಫಿಯಾ ಊರಿನಲ್ಲಿ ಪಾದ್ರಿ ತಲೆಗೆ ನೀರು ಚಿಮುಕಿಸಿ ಇಡುವ ಹೆಸರು ಸರ್ಕಾರದ ಉಪಯೋಗಕ್ಕೆ ಮಾತ್ರ. ಊರಿನ ಉಪಯೋಗಕ್ಕೆ ಬೇಕಾದ ಹೆಸರನ್ನು ಊರೇ ಇಡುತ್ತದೆ. ಆ ಪಾದ್ರಿಯನ್ನೇ, ಅವನ ಪ್ರವಚನದ ಉದ್ದ ನೋಡಿ, 'ಬ್ರೇಕಿಲ್ಲ' ಎಂದು ಕರೆಯುತ್ತಾರೆ. ರಸ್ತೆ ರಿಪೇರಿ ಯಾವಾಗ ಎಂದು ಕೇಳಿದಾಗೆಲ್ಲ ಒಂದೇ ಉತ್ತರ ಕೊಡುವ ಮೇಯರ್ 'ನಾಳೆ'. ಯಾರಾದರೂ ತೀರಿಕೊಂಡರೆ ಊರ ರೇಡಿಯೋದವನು ಅಡ್ಡಹೆಸರನ್ನು ಎರಡು ಸಲ ಹೇಳುತ್ತಾನೆ. ಹೇಳದಿದ್ದರೆ ಸತ್ತವರು ಯಾರೆಂದೇ ತಿಳಿಯದೆ ಜನ ಮನೆಯಲ್ಲೇ ಉಳಿದುಬಿಡುತ್ತಾರೆ.

ಇಂಥ ಊರಿಗೆ ಬ್ಯೂನಸ್ ಐರಿಸ್ ನಗರದಿಂದ ಬಂದಿಳಿದವನು ಅರ್ನೋಲ್ದೊ ಬಿದೆಗಾಯಿನ್, ನಿವೃತ್ತ ವಿಮಾ ಗುಮಾಸ್ತ. ನಗರದ ಹನ್ನೊಂದನೇ ಮಹಡಿಯಲ್ಲಿ ಅವನ ಗೋಡೆಯಾಚೆ ವಾಸವಿದ್ದ ಮನುಷ್ಯ ಸತ್ತು, ಆ ಸುದ್ದಿ ವಾಸನೆಯ ಮೂಲಕ ತಿಳಿದ ದಿನವೇ ಅವನು ನಿರ್ಧರಿಸಿಬಿಟ್ಟಿದ್ದ: ಸತ್ತರೆ ನಾಲ್ಕು ಜನ ಗುರುತಿಸುವ ಊರಿನಲ್ಲಿ ಸಾಯಬೇಕು. ಹೆಂಡತಿ ನೆಲಿದಾ ಒಪ್ಪಲಿಲ್ಲ. ಅತ್ತಳು, ಬೈದಳು, ಸಿನಿಮಾ ಮಂದಿರಗಳ ಹೆಸರನ್ನೆಲ್ಲ ಜಪಮಾಲೆಯಂತೆ ಹೇಳಿದಳು. ಕೊನೆಗೆ ಒಂದು ಒಪ್ಪಂದವಾಯಿತು. ಒಂದು ವರ್ಷ ಇದ್ದು ನೋಡುವುದು. ಇಬ್ಬರಲ್ಲಿ ಒಬ್ಬರಿಗೆ ಒಗ್ಗದಿದ್ದರೂ ವಾಪಸು.

ಬಂದ ಮೊದಲ ದಿನವೇ ನಮ್ಮ ವೀರ ಊರನ್ನು ಗೆಲ್ಲಲು ಹೊರಟ. ಕೋಟು ಹಾಕಿ, ಟೈ ಕಟ್ಟಿ, ತಟ್ಟೆ ತುಂಬ ಸ್ಯಾಂಡ್‌ವಿಚ್ ಹಿಡಿದು ಬೀದಿಯ ಒಂದೊಂದೇ ಬಾಗಿಲು ಬಡಿದ. ಹೊತ್ತು ಮಧ್ಯಾಹ್ನದ ಎರಡೂವರೆ. ಇಡೀ ಲಾ ಪೊರ್ಫಿಯಾ ಊಟ ಮಾಡಿ, ಕಿಟಕಿ ಮುಚ್ಚಿ, ಸಿಯೆಸ್ತಾ ನಿದ್ದೆಯಲ್ಲಿರುವ ಪವಿತ್ರ ಗಳಿಗೆ. ಒಳಚಡ್ಡಿಯಲ್ಲೇ ಎದ್ದು ಬಂದ ಗಂಡಸರು, ಕೆನ್ನೆಯ ಮೇಲೆ ದಿಂಬಿನ ಗೆರೆ ಹೊತ್ತ ಹೆಂಗಸರು, ಎಲ್ಲರೂ ಸ್ಯಾಂಡ್‌ವಿಚ್ ತೆಗೆದುಕೊಂಡು, "ತುಂಬಾ ಉಪಕಾರ, ಸೆನ್ಯೋರ್" ಎಂದು ಬಾಗಿಲು ಹಾಕಿಕೊಂಡರು. ಆ 'ಸೆನ್ಯೋರ್' ಅಂದಿನಿಂದ ಅವನಿಗೆ ಅಂಟಿಕೊಂಡಿತು. ಬ್ಯಾಂಕಿನ ತಪಾಸಣೆಗೆ ಬರುವ ಅಧಿಕಾರಿಗೂ ಊರವರು ಹಾಗೆಯೇ ಹೇಳುತ್ತಾರೆ. ಗೌರವ ಜಾಸ್ತಿ, ಹೊರಡುವುದು ಯಾವಾಗ ಎಂಬ ಪ್ರಶ್ನೆಯೂ ಒಳಗೇ ಇರುತ್ತದೆ.

ಅದೇ ಸಂಜೆ ನೆಲಿದಾ ಮುಖ ಊದಿಸಿಕೊಂಡು ಬ್ರೆಡ್ ತರಲು ಹೊರಟಳು. ಚೌಕದ ಮೂಲೆಯಲ್ಲಿ ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ರಸ್ತೆಯಲ್ಲಿ ಒಂದು ನಾಯಿ ಮಲಗಿತ್ತು, ಅಷ್ಟೇ. ಆದರೂ ಅಭ್ಯಾಸಬಲದಿಂದ ಯಾವುದೋ ದೀಪ ಹಸಿರಾಗಲಿ ಎಂದು ಅವಳು ಕಾದೇ ಕಾದಳು. ಬೇಕರಿಯ ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದ ಒಡತಿ ಪೊರೋತಾ ಕೂಗಿದಳು: "ಬಾರೇ ಸಿಗ್ನಲ್ಲು! ಆ ನಾಯಿ ಎದ್ದೇಳೋದು ನಾಳೆ ಬೆಳಿಗ್ಗೇನೆ!"

ಆಯಿತು. ಬಂದು ಒಂದು ದಿನವಾಗಿರಲಿಲ್ಲ, ನೆಲಿದಾ 'ಸಿಗ್ನಲ್' ಆಗಿಬಿಟ್ಟಳು. ಸಿಗ್ನಲ್ ಮನೆಗೆ ನಿಂಬೆಹಣ್ಣು ಬಂತು, ಮೊಟ್ಟೆ ಬಂತು, ಕುಂಬಳಕಾಯಿ ಬಂತು. ಸಿಗ್ನಲ್ ಬಂದಳೆಂದರೆ ಹೆಂಗಸರು ಕುರ್ಚಿ ಎಳೆದು, 'ಮಾತೆ' ಎಂಬ ಎಲೆಕಷಾಯದ ಸೋರೆಬುರುಡೆಯನ್ನು ಮೊದಲು ಅವಳ ಕೈಗೇ ಕೊಡುತ್ತಿದ್ದರು. ಅವಳು ಊರನ್ನು ಬೈದಷ್ಟೂ ಊರಿಗೆ ಅವಳ ಮೇಲೆ ಪ್ರೀತಿ. "ಈ ಧೂಳಲ್ಲಿ ಹೇಗೆ ಬದುಕ್ತೀರ್ರೇ?" ಎಂದರೆ ಗೊಳ್ಳೆಂದು ನಗುತ್ತಿದ್ದರು. ಬಿದೆಗಾಯಿನ್ "ಆಹಾ, ಎಂಥ ಒಳ್ಳೇ ಗಾಳಿ!" ಎಂದರೆ, "ಹೌದು ಸೆನ್ಯೋರ್" ಎಂದು ಎದ್ದು ಹೋಗುತ್ತಿದ್ದರು.

ಅವನ ಹೊಟ್ಟೆಯೊಳಗೆ ಒಲೆ ಹತ್ತಿತು. ಬರಬರುತ್ತಾ ಅದು ಹಗಲೂ ಆರಲಿಲ್ಲ, ರಾತ್ರಿಯೂ ಆರಲಿಲ್ಲ. ಕನಸು ಕಂಡವನು ನಾನು, ಫಲ ಉಂಡವಳು ಇವಳು!

ಅವನು ಎರಡನೇ ದಂಡಯಾತ್ರೆ ಹೂಡಿದ. ಬೇಕರಿಯಲ್ಲಿ ಜನ ತುಂಬಿದ್ದಾಗ, ಏನೋ ನೆನಪಾದವನಂತೆ, "ಆಫೀಸಿನಲ್ಲಿ ನನ್ನನ್ನ ಎಲ್ಲಾ ಕ್ಯಾಪ್ಟನ್ ಅಂತಿದ್ರು" ಎಂದ.

"ಹೌದಾ ಸೆನ್ಯೋರ್?" ಎಂದಳು ಪೊರೋತಾ. "ಬ್ರೆಡ್ಡು ಎಷ್ಟು ಕೊಡಲಿ, ಸೆನ್ಯೋರ್?"

ತನಗೆ ತಾನೇ ಹೆಸರಿಟ್ಟುಕೊಳ್ಳುವುದು ಆ ಊರಿನಲ್ಲಿ ತನಗೆ ತಾನೇ ಮುತ್ತಿಟ್ಟುಕೊಂಡ ಹಾಗೆ. ಕಂಡವರು ಮುಖ ತಿರುಗಿಸುತ್ತಾರೆ. ಬಿದೆಗಾಯಿನ್ ಸೋಲೊಪ್ಪಲಿಲ್ಲ. ಹೆಸರಿಡಲು ಜನಕ್ಕೊಂದು ನೆಪ ಬೇಕಲ್ಲವೇ? ಒಂದು ಕಾಲಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಬಟ್ಟೆಚಪ್ಪಲಿ ಹಾಕಿಕೊಂಡು ಚೌಕವನ್ನು ಸುತ್ತಿದ. ಯಾರೂ ನಗಲಿಲ್ಲ. ಸಂಜೆ ಪಕ್ಕದ ಮನೆಯಾಕೆ ನೆಲಿದಾಳನ್ನು ಬೇಲಿಯ ಹತ್ತಿರ ಕರೆದು, "ಸೆನ್ಯೋರ್‌ಗೆ ಕಣ್ಣು ಮಂಜಾಗಿದೆಯೇನೇ ಸಿಗ್ನಲ್? ನನ್ನ ತಮ್ಮನ ಹಳೇ ಕನ್ನಡಕ ಇದೆ, ಬೇಕಾ?" ಎಂದಳು.

ಗಂಡನೊಬ್ಬ ಹೆಂಡತಿಯ ಮೇಲೆ ಅವಳ ಪ್ರಿಯಕರನ ಕಾರಣಕ್ಕೆ ಹೊಟ್ಟೆಕಿಚ್ಚು ಪಡುವುದಾದರೆ ಹೇಳಿಕೊಳ್ಳಲು ನಾಲ್ಕು ಜನ ಸಿಗುತ್ತಾರೆ. ಊರಿಗೆ ಊರೇ ಪ್ರಿಯಕರನಾದರೆ ಯಾರ ಹತ್ತಿರ ಹೇಳುವುದು? ಬಿದೆಗಾಯಿನ್ ಒಳಗೊಳಗೇ ಬೆಂದ. ರೇಡಿಯೋದಲ್ಲಿ ಸಾವಿನ ಸುದ್ದಿ ಬಂದಾಗಲೆಲ್ಲ ಕಿವಿಗೊಟ್ಟು ಕೂರುತ್ತಿದ್ದ. 'ಅರ್ನೋಲ್ದೊ ಬಿದೆಗಾಯಿನ್' ಎಂದು ಓದಿದರೆ ಯಾರು ಎದ್ದು ಬಂದಾರು? ಹನ್ನೊಂದನೇ ಮಹಡಿಯೇ ವಾಸಿ. ಅಲ್ಲಿ ಯಾರನ್ನೂ ಗುರುತಿಸುವುದಿಲ್ಲ, ಇಲ್ಲಿ ಅವನೊಬ್ಬನನ್ನು ಬಿಟ್ಟು ಎಲ್ಲರನ್ನೂ.

ವರ್ಷ ತುಂಬಿತು. ಆ ಶನಿವಾರ ಕ್ಲಬ್ಬಿನ ಅಂಗಳದಲ್ಲಿ ಅಸಾದೊ ಔತಣ. ಕೆಂಡದ ಮೇಲೆ ಪಕ್ಕೆಲುಬು, ಸಾಸೇಜು, ಬೆಳಗಿನಿಂದ ಬೇಯುತ್ತಿವೆ. ಕೆಂಡದ ಅಧಿಪತಿ 'ಗೆಣಸು' ಎಂಬ ಅಡ್ಡಹೆಸರಿನ ದಪ್ಪ ಮನುಷ್ಯ, ಲಾರಿ ಟೈರು ರಿಪೇರಿಯವನು. ಬಿದೆಗಾಯಿನ್ ಸಹಾಯಕ್ಕೆಂದು ಹೋಗಿ ಕೋಲಿನಿಂದ ಕೆಂಡವನ್ನು ಸ್ವಲ್ಪವೇ ಕೆದಕಿದ. ಎಲ್ಲರ ಕತ್ತೂ ಅತ್ತ ತಿರುಗಿತು. ಇನ್ನೊಬ್ಬನ ಬೆಂಕಿಗೆ ಕೈಹಾಕುವುದು ಅಲ್ಲಿ ಇನ್ನೊಬ್ಬನ ಮೀಸೆ ಎಳೆದ ಹಾಗೆ. ಬೇರೆ ಯಾರಾಗಿದ್ದರೂ ಗೆಣಸು ಇಕ್ಕಳ ಎತ್ತಿ ಅಟ್ಟಿಸಿಕೊಂಡು ಹೋಗುತ್ತಿದ್ದ, ಊರು ನಗುತ್ತಿತ್ತು. ಇವನಿಗೆ ಮಾತ್ರ ಮೆಲ್ಲಗೆ, "ತಾವು ಕೂತ್ಕೊಳ್ಳಿ ಸೆನ್ಯೋರ್, ಹೊಗೆ ಬಡಿಯತ್ತೆ" ಎಂದ.

ಬೈಗುಳವೂ ದಕ್ಕಲಿಲ್ಲ! ಬಿದೆಗಾಯಿನ್ ಮೇಜಿನ ಕೊನೆಯಲ್ಲಿ ಹೋಗಿ ಕೂತ.

ಮಾಂಸ ಬಡಿಸಿದರು. ಪದ್ಧತಿಯಂತೆ ಯಾರೋ, "ಕೆಂಡದವನಿಗೆ ಚಪ್ಪಾಳೆ!" ಎಂದು ಕೂಗಿದರು. ಎಲ್ಲರೂ ತಟ್ಟಿದರು. ಗೆಣಸು ಇಕ್ಕಳವನ್ನು ಎದೆಗಿಟ್ಟು ಬಾಗಿದ. ಆಮೇಲೆ, "ಮಾಂಸದ ಮೇಲಿನ ಚಿಮಿಚುರ್ರಿ ಚಟ್ನಿ ಮಾಡಿದ್ದು ಯಾರು ಗೊತ್ತಾ? ನಮ್ಮ ಸಿಗ್ನಲ್! ಅವಳಿಗೂ ಒಂದು ಆಗ್ಲಿ!" ಎಂದ. ಈ ಸಲ ಮೇಜು ಗುದ್ದಿ, ಕಾಲು ಬಡಿದು, ಶಿಳ್ಳೆ ಹಾಕಿದರು.

ಬಿದೆಗಾಯಿನ್ ಎದ್ದು ನಿಂತ.

"ಸಾಕು! ನಾಡಿದ್ದು ನಾವು ವಾಪಸ್ ಹೋಗ್ತಿದ್ದೀವಿ!"

"ಅಯ್ಯೋ, ಯಾಕೆ?" ಪೊರೋತಾಳ ಕೈಯಿಂದ ಫೋರ್ಕು ಬಿತ್ತು. "ಸಿಗ್ನಲ್, ನಿನಗೆ ಇಲ್ಲಿ ಬೇಜಾರಾ?"

"ನಂಗೇನೂ ಇಲ್ಲಪ್ಪ," ಎಂದಳು ನೆಲಿದಾ. "ಅರ್ನೋಲ್ದೊ, ಏನಾಯ್ತು ನಿಂಗೆ?"

"ಅವಳನ್ನೇ ಕೇಳ್ರಿ, ಅವಳನ್ನೇ! ಬರಲ್ಲ ಅಂತ ಮೂರು ತಿಂಗಳು ಅತ್ತವಳು ಅವಳು! ಮಂಚ ಬಿಚ್ಚಿದ್ದು ಯಾರು? ನಾನು! ಗಾಜಿನ ಲೋಟಕ್ಕೆಲ್ಲ ಪೇಪರ್ ಸುತ್ತಿದ್ದು? ನಾನು! ಅವಳಮ್ಮನ ಹೊಲಿಗೆ ಮಿಷನ್ನು ಬೆನ್ನ ಮೇಲೆ ಹೊತ್ತಿದ್ದು? ನಾನು! ಅವಳನ್ನ ಎತ್ತಿ ಈ ಊರಿಗೆ ತಂದು ಹಾಕಿದವನೇ ನಾನು! ಅವಳು ಸಿಗ್ನಲ್ ಅಂತೆ. ನಾನು? ಸತ್ತರೂ ಸೆನ್ಯೋರೇ?" ಕೊನೆಯ ಮಾತಿಗೆ ಅವನ ದನಿ ಒಡೆಯಿತು.

ಮಾಂಸದ ಕೊಬ್ಬು ಕೆಂಡದ ಮೇಲೆ ಚುಯ್ಯೆಂದಿತು. ಗೆಣಸು ಕೈ ಒರೆಸಿಕೊಂಡು ನಿಧಾನವಾಗಿ ಬಂದು, ಟೈರು ಪರೀಕ್ಷಿಸುವವನಂತೆ ಬಿದೆಗಾಯಿನ್‌ನನ್ನು ಮೇಲಿಂದ ಕೆಳಗೆ ನೋಡಿದ.

"ಮಂಚ ನೀನೇ ತಂದ್ಯಾ?"

"ಹೂಂ."

"ಮಿಷನ್ನೂ? ಹೆಂಡ್ತೀನೂ?"

"ಹೂಂ ಅಂದ್ನಲ್ಲ!"

"ಹಂಗಿದ್ರೆ ಇಷ್ಟು ದಿನ ಯಾಕೋ ಬಾಯಿ ಮುಚ್ಕೊಂಡಿದ್ದೆ, ಲಾರಿ?"

ಅಂಗಳವೇ ಸಿಡಿಯಿತು. "ಲಾರಿ! ಲಾರಿ!" ಎಂದು ಮುದುಕರು ಕೆಮ್ಮುತ್ತಾ ನಕ್ಕರು, ಮೇಯರ್ 'ನಾಳೆ' ಬಾಯಿಂದ ಭೋಂ ಎಂದು ಹಾರನ್ ಹೊಡೆದ. ಮರ್ಯಾದೆಗಾಗಿ ಬಿದೆಗಾಯಿನ್ ಹುಬ್ಬು ಗಂಟಿಕ್ಕಿಕೊಳ್ಳಲು ನೋಡಿದ. ಆಗಲಿಲ್ಲ. ಗೆಣಸು ತನ್ನನ್ನು 'ನೀನು' ಎಂದದ್ದು ಅವನ ಕಿವಿಯಲ್ಲಿ ಇನ್ನೂ ಇತ್ತು.

"ಏನೇ ಸಿಗ್ನಲ್," ಎಂದಳು ಪೊರೋತಾ, "ಲಾರಿ ಹೊರಡ್ತಿದೆಯಂತೆ. ಬಿಡ್ತೀಯಾ?"

ನೆಲಿದಾ ಕೈಯೆತ್ತಿ, ಪೊಲೀಸರಂತೆ ಅಂಗೈ ತೋರಿಸಿದಳು. ಬಿದೆಗಾಯಿನ್ ಕೂತ. ಯಾರೋ ಅವನ ತಟ್ಟೆಗೆ ಪಕ್ಕೆಲುಬು ಎಸೆದರು.

ಸೋಮವಾರ ಅವನು ಬೇಕರಿಗೆ ಎರಡು ಸಲ ಹೋದ. ಎರಡೂ ಸಲ ಲಾರಿ ಎನಿಸಿಕೊಂಡು, ಬೇಡದಷ್ಟು ಬ್ರೆಡ್ ತಂದ. ಅದರ ಮುಂದಿನ ವಾರ ರೊಸಾರಿಯೊ ನಗರದಿಂದ ಹೊಸ ಪಶುವೈದ್ಯೆ ಬಸ್ಸಿನಲ್ಲಿ ಬಂದಿಳಿದಳು. ಇಳಿಯುವಾಗ ಬಸ್ಸಿನ ಬಾಗಿಲಿಗೆ ಅವಳ ಛತ್ರಿ ಸಿಕ್ಕಿಕೊಂಡು ಬಿಚ್ಚಿಕೊಂಡಿತು. ಬಸ್ಸು ಹೊರಡುವ ಮೊದಲೇ ಅವಳು 'ಛತ್ರಿ' ಆಗಿದ್ದಳು.

ಬೇಕರಿಯ ಸಾಲಿನಲ್ಲಿ ಸುದ್ದಿ ಕೇಳಿದ ಬಿದೆಗಾಯಿನ್‌ನ ಮುಖ ಕಪ್ಪಿಟ್ಟಿತು. "ಇದು ಯಾವ ನ್ಯಾಯ ಪೊರೋತಾ? ನಾನು ಒಂದು ವರ್ಷ ಕಾದಿದ್ದೀನಿ! ಇವಳಿಗೆ ಬಸ್ಸಿಳಿಯೋದ್ರೊಳಗೇನಾ?"

"ಲಾರಿ ಯಾವತ್ತೂ ನಿಧಾನಾನೇ ಬರೋದು ಮಾರಾಯಾ," ಎಂದಳು ಪೊರೋತಾ. "ದಾರಿ ಬಿಡು, ಹಿಂದೆ ಜನ ನಿಂತಿದಾರೆ."