ಕೆರೆಯ ಬಿರುಕು, ಉಳ್ಳಾಗಡ್ಡಿಯ ಸಿಪ್ಪೆ

ಆ ವರ್ಷ ಔರಾದ ಕಡೆಯ ನಮ್ಮೂರಿನ ಕೆರೆ ಪೂರ್ತಿ ಒಣಗಿತ್ತು. ಅಪ್ಪ, ಅವ್ವ, ತಮ್ಮ ಕಟ್ಟಡದ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋದರು. ಒಂಬತ್ತನೇ ಕ್ಲಾಸಿನಲ್ಲಿದ್ದ ನನ್ನ ಓದು ತಪ್ಪಬಾರದೆಂದು ಭಾಲ್ಕಿಯ ಸೋದರತ್ತೆಯ ಮನೆಯಲ್ಲಿ ಬಿಟ್ಟರು. ಕೆರೆಗೆ ನೀರು ಬಂದರೆ ತಾನೇ ಬಂದು ಕರೆದೊಯ್ಯುತ್ತೇನೆ ಎಂದಿದ್ದಳು ಅವ್ವ.

ಅತ್ತೆ ಹೊಟ್ಟೆಗೆ ಕಡಿಮೆ ಮಾಡಲಿಲ್ಲ. ಆದರೂ ಆ ಮನೆಯಲ್ಲಿ ನಾನು ಯಾರಿಗೂ ಬೇಡವೆಂದುಕೊಂಡು ಮುಖ ಊದಿಸಿಕೊಂಡೇ ಇರುತ್ತಿದ್ದೆ. ರಜೆ ಸಿಕ್ಕರೆ ಸಾಕು, ಬಸ್ಸು ಹತ್ತಿ ಊರಿಗೆ. ಅಲ್ಲೇನಿತ್ತು, ಮಣ್ಣು! ಓಣಿಯ ತುಂಬ ಬೀಗ. ಕೆರೆಗಿಳಿದು, ಬಿರಿದ ಕರಿಮಣ್ಣಿನ ಮೇಲೆ ಕೂತು, ಬಾರದ ನೀರನ್ನು ಬೈಯುತ್ತಿದ್ದೆ.

ಒಂದು ದಿನ ವಿಜ್ಞಾನದ ಸರ್ ಉಳ್ಳಾಗಡ್ಡಿಯ ತೆಳು ಸಿಪ್ಪೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಜೀವಕೋಶ ತೋರಿಸಿದರು. ಕಣ್ಣಿಟ್ಟೆ. ಗೆರೆಗೆ ಗೆರೆ ಕೂಡಿ, ಒಂದಕ್ಕೊಂದು ಒತ್ತಿಕೊಂಡ ಕೋಣೆಗಳು.

"ಸರ್, ನಮ್ಮ ಕೆರಿ ಹಿಂಗೇ ಅದ ರಿ," ಎಂದೆ.

ಕ್ಲಾಸೆಲ್ಲ ನಕ್ಕಿತು. ಸರ್ ನಗಲಿಲ್ಲ. ಒಂದೊಂದು ಮೂಲೆಯಲ್ಲಿ ಎಷ್ಟು ಬಿರುಕು ಕೂಡುತ್ತವೆ ಎಂದು ಕೇಳಿದರು. ನನಗೇನು ಗೊತ್ತು? ಮೂರು ಮೂರು ಕೂಡಿದ್ದರೆ, ಒಂದು ತುಂಡಿಗೆ ನಾಲ್ಕೇ ಬದಿ, ಇನ್ನೊಂದಕ್ಕೆ ಎಂಟು ಬದಿ ಇದ್ದರೂ, ಸರಾಸರಿ ತೆಗೆದರೆ ಆರರ ಹತ್ತಿರವೇ ಬರುತ್ತದೆ, ಹೋಗಿ ನೋಡು ಎಂದರು.

ಸುಳ್ಳಾಗಲಿ ಅಂತಲೇ ಹೋಗಿ ಎಣಿಸಿದೆ. ಸುಳ್ಳಾಗಲಿಲ್ಲ. ಅಡ್ಡಾದಿಡ್ಡಿ ಒಡೆದ ಮಣ್ಣಿಗೂ ಒಂದು ಕ್ರಮವಿತ್ತು. ಪ್ರತಿ ತುಂಡಿಗೂ ಸುತ್ತ ಐದೋ ಆರೋ ಏಳೋ ನೆರೆಯವರು. ನನಗೆ ಒಬ್ಬರೂ ಇಲ್ಲ. ಮಣ್ಣನ್ನು ಕಂಡು ಹೊಟ್ಟೆಕಿಚ್ಚು ಪಟ್ಟವಳು ಬೀದರ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಅಲ್ಲೇ ಕೂತು ಗಂಟಲು ಬಿಟ್ಟು ಅತ್ತುಬಿಟ್ಟೆ. ಕೇಳುವವರು ಯಾರೂ ಇರಲಿಲ್ಲವಲ್ಲ.

ಮುಂದಿನ ಮುಂಗಾರು ಚೆನ್ನಾಗಿ ಹಿಡಿಯಿತು. ಕೆರೆಗೆ ನೀರು ಬಂದ ಸುದ್ದಿ ಭಾಲ್ಕಿಗೆ ಮುಟ್ಟಿದ ಕೆಲವೇ ದಿನಗಳಲ್ಲಿ ಅವ್ವ ಅತ್ತೆಯ ಬಾಗಿಲಲ್ಲಿ ನಿಂತಿದ್ದಳು. ಮೊದಲಿಗಿಂತ ಕಪ್ಪಾಗಿದ್ದಳು, ಕೈ ಸಿಮೆಂಟಿಗೆ ಒರಟಾಗಿತ್ತು.

"ನಡಿ, ಮನಿಗಿ ಹೋಗಮು," ಅಂದಳು.

ಬಟ್ಟೆಯ ಗಂಟು ಹಿಡಿದು ಅವಳಿಗಿಂತ ಮುಂದೆ ಓಡಿದೆ. ಬಸ್‌ಸ್ಟ್ಯಾಂಡಿನಲ್ಲಿ ಔರಾದ ಬಸ್ಸು ಹೊರಡಲು ನಿಂತಿತ್ತು. ಹತ್ತಿ, ಕಿಟಕಿಯ ಪಕ್ಕ ಅವ್ವನಿಗೂ ಜಾಗ ಹಿಡಿದು ಕೂತೆ. ಅವ್ವ ಹತ್ತಲಿಲ್ಲ. ಕಿಟಕಿಯ ಹತ್ತಿರ ಬಂದು, ನನ್ನ ಮುಖ ನೋಡದೆ ಮೆಲ್ಲಗೆ ಹೇಳಿದಳು:

"ಇಳಿಯವ್ವ. ಹೈದ್ರಾಬಾದ ಗಾಡಿ ಆ ಕಡಿ ನಿಂತದ."