ಆನೆ ದಾಟಿದ ಮನೆ

ಕನ್ನಡಕದಂಗಡಿಯವನಿಗೆ ವಾಚನಾಲಯದ ಚೆಸ್ ಗುಂಪು ಇಟ್ಟ ಹೆಸರು ಜಡ್ಜಪ್ಪ. ಹದಿನಾಲ್ಕು ವರ್ಷಗಳಿಂದ ಭಾನುವಾರದ ಆಟಗಳಿಗೆಲ್ಲ ಅವನದೇ ತೀರ್ಪು. ನಿಯಮದ ಪುಸ್ತಕವನ್ನು ಅರೆದು ಕುಡಿದವನ ಹಾಗೆ ಮಾತಾಡುತ್ತಿದ್ದ. ನಿಜ ಹೇಳಬೇಕೆಂದರೆ, ಕುಡಿದದ್ದು ಅರ್ಧ ಲೋಟ ಅಷ್ಟೇ.

ಈ ಸಲದ ಫೈನಲ್‌ನಲ್ಲಿ ಅವನ ಸ್ವಂತ ಅಕ್ಕನೇ ಆಡುತ್ತಿದ್ದಳು. ಅವಳು ಆಸ್ಪತ್ರೆಯ ನರ್ಸ್. ಎದುರಾಳಿ ವಾಚನಾಲಯದ ಗುಮಾಸ್ತ. ಅಕ್ಕ ಕ್ಯಾಸ್ಲಿಂಗ್ ಮಾಡಿದಳು. ಅಂದರೆ ರಾಜನನ್ನು ರಾಣಿಯ ಕಡೆಗೆ ಎರಡು ಮನೆ ಸರಿಸಿ, ಮೂಲೆಯ ಆನೆಯನ್ನು ಅವನ ಆಚೆ ಬದಿಗೆ ತಂದಿಟ್ಟಳು. ಆನೆ ದಾಟಿದ ಒಂದು ಮನೆಯ ಮೇಲೆ ಗುಮಾಸ್ತನ ಒಂಟೆಯ ಕಣ್ಣಿತ್ತು. ಅವನು ತಕರಾರು ತೆಗೆದ. ಜಡ್ಜಪ್ಪ ಹಿಂದುಮುಂದು ನೋಡದೆ ನಡೆ ತಪ್ಪೆಂದ. ಮುಟ್ಟಿದ ರಾಜನನ್ನೇ ಬೇರೆ ಕಡೆ ನಡೆಸಬೇಕೆಂದ. ಅಕ್ಕ ಸೋತಳು. ಎದ್ದು ಹೋದವಳು ಎರಡು ತಿಂಗಳು ತಮ್ಮನ ಮನೆಯ ಮೆಟ್ಟಿಲು ತುಳಿಯಲಿಲ್ಲ.

ಜಡ್ಜಪ್ಪನಿಗೆ ಊಟ ಸೇರದಾಯಿತು. ದಾಳಿಯಲ್ಲಿರುವ ಮನೆ ದಾಟಿ ಕ್ಯಾಸ್ಲಿಂಗ್ ಮಾಡಬಹುದೇ ಎಂದು ಚೆಸ್ ಸಂಘಕ್ಕೆ ಒಂದು ಸಾಲು ಗೀಚಿದ. ಕೂಡದು ಎಂದು ಉತ್ತರ ಬಂತು. ಸಮಾಧಾನವಾಗದೆ ಇನ್ನೊಬ್ಬ ತೀರ್ಪುಗಾರನಿಗೆ ಫೋನ್ ಮಾಡಿ, ಆನೆಗೆ ದಾಳಿಯ ಭಯವಿದ್ದರೆ ಹೇಗೆ ಎಂದು ಕೇಳಿದ. ಧಾರಾಳವಾಗಿ ಮಾಡಬಹುದು ಎಂದನಾತ. ಈಗ ತಲೆ ಪೂರ್ತಿ ಕೆಟ್ಟಿತು.

ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದ ಹೆಂಡತಿ ಆ ಒಂದು ಸಾಲಿನ ಪ್ರತಿ ಓದಿ ನಕ್ಕಳು.

"ರೀ, ಕಣ್ಣು ಸರಿಯಿಲ್ಲ ಅಂತ ಯಾರಾದ್ರೂ ಬಂದ್ರೆ ಹಾಗೇ ಕನ್ನಡಕ ಕೊಟ್ಟು ಕಳಿಸ್ತೀರಾ? ಯಾವ ಕಣ್ಣು, ಹತ್ತಿರದ್ದಾ ದೂರದ್ದಾ ಅಂತ ಕೇಳಲ್ವಾ? ಇದರಲ್ಲಿ ಯಾರು ಯಾವ ಮನೆ ದಾಟಿದ್ರು ಅಂತಾನೇ ಇಲ್ಲ."

ಮರುದಿನ ಜಡ್ಜಪ್ಪ ಆಟದ ದಾಖಲೆ ತರಿಸಿಕೊಂಡು, ಸಂಘಕ್ಕೆ ಮತ್ತೆ ಕಳಿಸಲೆಂದು ಆ ನಡೆಯ ಹೊತ್ತಿನ ಹಾಸಿನ ಚಿತ್ರ ಬರೆದ, ಒಂದು ಕಾಯಿಯನ್ನೂ ಬಿಡದೆ. ರಾಜನಾಗಲಿ ಆನೆಯಾಗಲಿ ಅದಕ್ಕೆ ಮುಂಚೆ ಕದಲಿರಲಿಲ್ಲ, ನಡುವೆ ಯಾವ ಕಾಯಿಯೂ ಇರಲಿಲ್ಲ, ರಾಜ ನಿಂತ, ದಾಟಿದ, ತಲುಪಿದ ಮನೆಗಳ ಮೇಲೆ ದಾಳಿ ಇರಲಿಲ್ಲ, ಆನೆ ದಾಟಿದ ಒಂದು ಮನೆಯ ಮೇಲೆ ಮಾತ್ರ ಇತ್ತು ಎಂದು ಕಾಣಿಸಿದ. ಪುಸ್ತಕದ ವಾಕ್ಯವನ್ನು ಹಾಗೆಯೇ ಇಳಿಸಿದ. ತನ್ನ ತೀರ್ಪನ್ನೂ ಬರೆದ. ಆಡಿದವರು ಯಾರು ಎಂಬುದನ್ನು ಮಾತ್ರ ಬೇಕೆಂದೇ ಬರೆಯಲಿಲ್ಲ.

ನಾಲ್ಕೇ ದಿನಕ್ಕೆ ಉತ್ತರ ಬಂತು. ದಾಳಿಯ ಮನೆ ದಾಟಬಾರದ್ದು ರಾಜ. ಆನೆಗೆ ಆ ಕಟ್ಟು ಇಲ್ಲ. ನಡೆ ಸರಿ, ತೀರ್ಪು ತಪ್ಪು.

ತಾನು ತಪ್ಪಿದೆನೆಂದು ಓದಿ ಅಷ್ಟು ಹಗುರಾದ ಮನುಷ್ಯ ಆ ಬೀದಿಯಲ್ಲೇ ಇನ್ನೊಬ್ಬನಿರಲಾರ. ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ನೇರ ಅಕ್ಕನ ಮನೆಗೆ ನಡೆದ. ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದ ಅಕ್ಕ ಪತ್ರವನ್ನು ಎರಡು ಸಲ ಓದಿದಳು. ಭಾನುವಾರ ಎಲ್ಲರೆದುರೂ ಇದನ್ನು ಓದುತ್ತೇನೆ ಎಂದು ಇವನು ಹೇಳಿದ್ದು ಅವಳ ಕಿವಿಗೆ ಬಿದ್ದಂತಿರಲಿಲ್ಲ.

"ಅಕ್ಕ ಅಂತಾನೇ ನನ್ನ ವಿರುದ್ಧ ಹೇಳ್ದೆ ಅಂದ್ಕೊಂಡಿದ್ದೆ. ನಾಲ್ಕು ಜನರ ಮುಂದೆ ನ್ಯಾಯವಂತ ಅನ್ನಿಸ್ಕೊಳ್ಳೋಕೆ."

"ಇಲ್ಲಕ್ಕಾ. ನನಗೆ ನಿಜವಾಗ್ಲೂ ಗೊತ್ತಿರಲಿಲ್ಲ."

"ಅಷ್ಟೇನಾ?"

"ಅಷ್ಟೇ."

ಅಕ್ಕ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬರೀ ದಡ್ಡತನ ಅಂತ ಗೊತ್ತಿದ್ದಿದ್ರೆ ಎರಡು ತಿಂಗಳು ಅಳ್ತಾನೇ ಇರಲಿಲ್ಲ ಕಣೋ."